ರಕ್ತ ಮರಳಿ ಹರಿದಾಗ ಹೃದಯ ತಾಳ ತಪ್ಪುವುದೇಕೆ?

ಕೃಷ್ಣಾ ನದಿಯ ದಂಡೆಯಲ್ಲಿರುವ ಅಥಣಿ ತಾಲೂಕಿನ ಸತ್ತಿಯಿಂದ ಸಹೋದರಿಯೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಅಸ್ಸಲಾಮು ಅಲೈಕುಮ್. ನಮ್ಮ ಮನೆಯವರಿಗೆ 52 ವರ್ಷ. ಕಬ್ಬಿನ ಹೊಲವಿದೆ. ನಾಲ್ಕು ತಿಂಗಳ ಹಿಂದೆ ಫಜ್ರ್ ನಮಾಝ್ ಮುಗಿಸಿ ಮನೆಗೆ ಬಂದವರು, ಎದೆಯ ಮೇಲೆ ಕಲ್ಲು ಹೇರಿದ ಹಾಗಾಗುತ್ತಿದೆ ಎಂದರು. ಮೈಯೆಲ್ಲ ಬೆವರು. ರಾತ್ರಿ ಉಂಡದ್ದು ಗ್ಯಾಸ್ ಆಗಿರಬೇಕೆಂದು ಜೀರಿಗೆ ನೀರು ಕೊಟ್ಟೆ. ಎದೆಗೆ ಎಣ್ಣೆ ಹಚ್ಚಿದೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ಆಮೇಲೆ ಭಾವನವರು ಗಾಡಿ ತಂದು ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಎಂದು ಹೇಳಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆ ಕಳೆದ ಮೇಲೆ ನೋವು ಕಡಿಮೆಯಾಯಿತು. ಅಲ್‌ಹಮ್ದುಲಿಲ್ಲಾಹ್ ಎಂದುಕೊಳ್ಳುವಷ್ಟರಲ್ಲಿ ಮಶೀನು ಕೂಗತೊಡಗಿತು. ಪರದೆಯ ಮೇಲಿನ ಗೆರೆ ಅಗಲವಾಗಿ, ವಿಚಿತ್ರವಾಗಿ ಏರಿಳಿಯಿತು. ಡಾಕ್ಟರು ನೋಡಿದರೇ ಹೊರತು ಯಾವ ಔಷಧವನ್ನೂ ಕೊಡಲಿಲ್ಲ. ‘ಇಲ್ಲಿ ಕೇಳುವವರಿಲ್ಲ, ವೈರ್ ತೆಗೆಯಿರಿ, ನಮ್ಮ ಗಾಡಿಯಲ್ಲೇ ಮಿರಜ್‌ಗೆ ಒಯ್ಯುತ್ತೇವೆ’ ಎಂದು ಭಾವನವರು ಜಗಳ ತೆಗೆದರು. ಸಿಸ್ಟರ್ ಒಬ್ಬರು ಬಾಗಿಲಿಗೆ ಅಡ್ಡ ನಿಂತರು. ಆ ಮಾತು ನಡೆದಿರುವಾಗಲೇ ನಮ್ಮವರ ಕಣ್ಣು ಮೇಲಾಯಿತು. ನಮ್ಮನ್ನು ಹೊರಗೆ ಕಳಿಸಿ ಎದೆಗೆ ಕರೆಂಟ್ ಕೊಟ್ಟರಂತೆ. ಅಲ್ಲಾಹನ ಕೃಪೆಯಿಂದ ಬದುಕಿದರು. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾರೆ.

“ಆದರೆ ಇಂಜೆಕ್ಷನ್‌ನಿಂದಲೇ ಹೃದಯ ಕೆಟ್ಟಿತು ಎಂಬ ಮಾತು ನಮ್ಮ ಓಣಿಯಲ್ಲೆಲ್ಲ ಹಬ್ಬಿದೆ. ನಮ್ಮ ಅತ್ತೆಯವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ‘ನನಗೇನಾದರೂ ಆದರೆ ಆ ಸೂಜಿ ಮಾತ್ರ ಚುಚ್ಚಿಸಬೇಡಿ’ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಾರೆ. ಆ ದಿನ ನಡೆದದ್ದು ನಿಜವಾಗಿ ಏನು? ಇಂಜೆಕ್ಷನ್ ತಪ್ಪೇ? ಮನೆಯವರು ಮುಂದೆ ಉಪವಾಸ ಹಿಡಿಯಬಹುದೇ?”

ಸಹೋದರಿ, ನಿಮ್ಮ ಪತಿಯ ವಿಷಯಕ್ಕಿಂತ ನಿಮ್ಮ ಅತ್ತೆಯವರ ಮಾತು ನನಗೆ ಹೆಚ್ಚು ಚಿಂತೆ ಹುಟ್ಟಿಸಿತು. ಒಬ್ಬರನ್ನು ಉಳಿಸಿದ ಔಷಧವೇ ಇನ್ನೊಬ್ಬರು ಚಿಕಿತ್ಸೆಯನ್ನು ನಿರಾಕರಿಸಲು ಕಾರಣವಾಗಬಾರದು. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ನಿಮ್ಮ ಪತ್ರಕ್ಕೇ ಮೀಸಲಿಟ್ಟಿದ್ದೇನೆ. ದಯವಿಟ್ಟು ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಮುಚ್ಚಿದ ನಾಳ, ಹಸಿದ ಮಾಂಸಖಂಡ

ಹೃದಯವು ದೇಹಕ್ಕೆಲ್ಲ ರಕ್ತ ಕಳಿಸುವ ಪಂಪು. ಆ ಪಂಪಿಗೂ ತನ್ನದೇ ರಕ್ತ ಬೇಕು. ಅದನ್ನು ಒದಗಿಸುವ ಸಣ್ಣ ನಾಳಗಳ ಒಳಗೋಡೆಯಲ್ಲಿ ವರ್ಷಗಳಿಂದ ಸೇರಿದ ಕೊಬ್ಬಿನ ಪದರ ಒಮ್ಮೆ ಬಿರುಕು ಬಿಟ್ಟರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನಾಳ ಮುಚ್ಚುತ್ತದೆ. ಅದರಾಚೆಯ ಮಾಂಸಖಂಡಕ್ಕೆ ಪ್ರಾಣವಾಯು ತಲುಪುವುದಿಲ್ಲ. ಇದೇ ಹೃದಯಾಘಾತ. ನಾಳ ಮುಚ್ಚಿದಷ್ಟು ಹೊತ್ತೂ ಮಾಂಸಖಂಡ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಿರುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಚಿಕಿತ್ಸೆಯ ಗುರಿ ಒಂದೇ: ನಾಳವನ್ನು ಆದಷ್ಟು ಬೇಗ ತೆರೆಯುವುದು. ಇದಕ್ಕೆ ಎರಡು ದಾರಿಗಳಿವೆ. ಕೈಯ ಅಥವಾ ತೊಡೆಯ ನಾಳದ ಮೂಲಕ ತಂತಿ ಒಯ್ದು ಬಲೂನು, ಸ್ಟೆಂಟ್‌ಗಳಿಂದ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಮೊದಲನೆಯದು. ಅದು ಎರಡು ಗಂಟೆಯೊಳಗೆ ಸಿಗುವಂತಿದ್ದರೆ ಅದೇ ಉತ್ತಮ. ಸತ್ತಿಯಂಥ ಊರಿನವರಿಗೆ ಅಂಥ ಸೌಲಭ್ಯವೆಂದರೆ ಗಡಿಯಾಚೆಯ ಮಿರಜ್, ಸಾಂಗ್ಲಿ, ಇಲ್ಲವೇ ಇನ್ನೂ ದೂರದ ಬೆಳಗಾವಿ. ಅಷ್ಟು ಬೇಗ ತಲುಪಲಾಗದವರಿಗೆ ಎರಡನೆಯ ದಾರಿಯೇ ಗತಿ. ಅದೇ ಗಡ್ಡೆ ಕರಗಿಸುವ ಇಂಜೆಕ್ಷನ್.

ಈ ಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ಸ್ಟ್ರೆಪ್ಟೊಕೈನೇಸ್ ಎಂಬ ಔಷಧವನ್ನು ಇಟಲಿಯಲ್ಲಿ ಸುಮಾರು 12 ಸಾವಿರ ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಔಷಧ ಪಡೆಯದವರಲ್ಲಿ ಮೂರು ವಾರದೊಳಗೆ 100ಕ್ಕೆ 13 ಮಂದಿ ತೀರಿಕೊಂಡರೆ, ಪಡೆದವರಲ್ಲಿ ಆ ಸಂಖ್ಯೆ 11ಕ್ಕಿಂತ ಕೆಳಗಿಳಿಯಿತು. ನೋವು ಶುರುವಾದ ಒಂದೇ ಗಂಟೆಯೊಳಗೆ ಔಷಧ ದೊರೆತವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಈಗ ಹೆಚ್ಚಾಗಿ ಬಳಸುವ ಟೆನೆಕ್ಟಿಪ್ಲೇಸ್ ಅದಕ್ಕಿಂತ ಸುಲಭ. ರೋಗಿಯ ತೂಕ ನೋಡಿ ಒಂದೇ ಸಲ ರಕ್ತನಾಳಕ್ಕೆ ಕೊಟ್ಟರೆ ಮುಗಿಯಿತು.

ತಾಳ ತಪ್ಪುವ ಕ್ಷಣ

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೋವು ಇಳಿದ ಹೊತ್ತಿನಲ್ಲೇ ಮಶೀನು ಕೂಗಿದ್ದೇಕೆ?

ನಿಮ್ಮ ಹೊಲದ ಪಂಪ್‌ಸೆಟ್ಟನ್ನು ನೆನಪಿಸಿಕೊಳ್ಳಿ. ಗಂಟೆಗಟ್ಟಲೆ ಇಲ್ಲದ ತ್ರೀಫೇಸ್ ಕರೆಂಟ್ ಒಮ್ಮೆಲೇ ಬಂದಾಗ ಬಲ್ಬು ಮಿನುಗುತ್ತದೆ, ಮೋಟಾರು ಗುರುಗುಟ್ಟುತ್ತದೆ, ಆಮೇಲೆ ಹದಕ್ಕೆ ಬರುತ್ತದೆ. ಹೃದಯದಲ್ಲೂ ಇಂಥದೇ ಏರುಪೇರು ನಡೆಯುತ್ತದೆ. ಹೃದಯದ ಪ್ರತಿಯೊಂದು ಬಡಿತವೂ ಒಂದು ಸಣ್ಣ ವಿದ್ಯುತ್ ಸಂದೇಶ. ಜೀವಕೋಶಗಳ ಒಳಗೂ ಹೊರಗೂ ಇರುವ ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಎಂಬ ಲವಣಗಳು ಆ ವಿದ್ಯುತ್ತನ್ನು ಉಂಟುಮಾಡುತ್ತವೆ. ರಕ್ತ ನಿಂತ ಭಾಗದಲ್ಲಿ ಆಮ್ಲ ತುಂಬುತ್ತದೆ, ಪೊಟ್ಯಾಶಿಯಂ ಹೊರಗೆ ಸೋರುತ್ತದೆ. ರಕ್ತ ಒಮ್ಮೆಲೇ ಮರಳಿದಾಗ ಕೋಶಗಳು ಆಮ್ಲವನ್ನು ಹೊರಹಾಕಲು ಹೋಗಿ ಸೋಡಿಯಂ ತುಂಬಿಕೊಳ್ಳುತ್ತವೆ. ಅದನ್ನು ಹೊರಗೆ ಕಳಿಸುವ ಭರದಲ್ಲಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಹೀಗೆ ಕ್ಯಾಲ್ಸಿಯಂ ಹೆಚ್ಚಾದ ಕೋಶಗಳು ತಮ್ಮ ಸರದಿಗೆ ಕಾಯದೆ ತಾವೇ ಬಡಿಯತೊಡಗುತ್ತವೆ. ಆಗ ತಾಳ ತಪ್ಪುತ್ತದೆ. ಇಂಜೆಕ್ಷನ್ ಕೊಟ್ಟಾಗಷ್ಟೇ ಅಲ್ಲ, ಆಂಜಿಯೋಪ್ಲಾಸ್ಟಿಯಲ್ಲಿ ಬಲೂನು ಹಿಗ್ಗಿಸಿ ನಾಳ ತೆರೆದಾಗಲೂ, ಕೆಲವೊಮ್ಮೆ ಗಡ್ಡೆ ತಾನಾಗಿಯೇ ಕರಗಿದಾಗಲೂ ಹೀಗಾಗುತ್ತದೆ. ಅಂದರೆ ಇದು ಔಷಧದ ವಿಷವಲ್ಲ. ಹಸಿದ ಮಾಂಸಖಂಡಕ್ಕೆ ರಕ್ತ ಮರಳಿ ಬಂದುದರ ಪರಿಣಾಮ.

ಈ ತಾಳ ತಪ್ಪುವಿಕೆಯಲ್ಲಿ ಹಲವು ಬಗೆಗಳಿವೆ.

ನಡುನಡುವೆ ಒಂದೊಂದು ಬಡಿತ ಮುಂಚೆಯೇ ಬಂದು ಹೋಗುವುದು ಸಾಮಾನ್ಯ. ಬಹುತೇಕ ಅದಕ್ಕೆ ಚಿಕಿತ್ಸೆ ಬೇಡ.

ನೀವು ಪರದೆಯ ಮೇಲೆ ಮೊದಲು ಕಂಡ ಅಗಲ ಅಲೆಗಳು ಎರಡನೆಯ ಬಗೆಯವೆಂದು ತೋರುತ್ತದೆ. ಹೃದಯದ ಕೆಳಕೋಣೆಯೇ ಸ್ವಲ್ಪ ಹೊತ್ತು ಯಜಮಾನಿಕೆ ವಹಿಸಿಕೊಂಡು ನಿಮಿಷಕ್ಕೆ 60ರಿಂದ 110ರ ಆಸುಪಾಸಿನಲ್ಲಿ ಬಡಿಯುತ್ತದೆ. ನೋಡಲು ಭಯಂಕರ. ಆದರೆ ರಕ್ತದ ಒತ್ತಡ ಸರಿಯಿದ್ದರೆ ಕೆಲವು ನಿಮಿಷಗಳಲ್ಲಿ ತಾನೇ ಸರಿಹೋಗುತ್ತದೆ. ಅನುಭವಿ ವೈದ್ಯರು ಇದನ್ನು ನಾಳ ತೆರೆದಿರಬಹುದೆಂಬ ಸೂಚನೆಯಾಗಿ ಓದುತ್ತಾರೆ. ಅದೊಂದನ್ನೇ ನಂಬುವುದಿಲ್ಲ. ನೋವು ಇಳಿಯಿತೇ, ಒಂದು ಒಂದೂವರೆ ಗಂಟೆಯ ನಂತರದ ಇಸಿಜಿಯಲ್ಲಿ ಏರಿದ್ದ ಗೆರೆ ಅರ್ಧಕ್ಕಾದರೂ ಇಳಿಯಿತೇ ಎಂದೂ ನೋಡುತ್ತಾರೆ. ಇಳಿಯದಿದ್ದರೆ ತಡಮಾಡದೆ ಆಂಜಿಯೋಪ್ಲಾಸ್ಟಿಗೆ ಕಳಿಸುತ್ತಾರೆ.

‘ಡಾಕ್ಟರು ನೋಡಿದರೇ ಹೊರತು ಔಷಧ ಕೊಡಲಿಲ್ಲ’ ಎಂದು ನೀವು ಬರೆದಿದ್ದೀರಿ. ಅವರು ಸುಮ್ಮನಿದ್ದುದು ಉದಾಸೀನದಿಂದ ಎಂದು ತಿಳಿಯಬೇಡಿ. ಹಿಂದೆ ಎಲ್ಲ ಅಡ್ಡ ಬಡಿತಗಳನ್ನೂ ಔಷಧದಿಂದ ಅಡಗಿಸುವ ರೂಢಿ ಇತ್ತು. ಹೃದಯಾಘಾತದಿಂದ ಚೇತರಿಸಿಕೊಂಡವರಿಗೆ ಅಂಥ ಔಷಧಗಳನ್ನು ಕೊಟ್ಟು ನೋಡಿದ ಅಮೆರಿಕದ ಒಂದು ಅಧ್ಯಯನವು 1989ರಲ್ಲಿ ವೈದ್ಯಲೋಕವನ್ನೇ ಬೆಚ್ಚಿಬೀಳಿಸಿತು. ಬಡಿತ ಸರಿಯಾಗಿ ಕಂಡರೂ ಆ ಔಷಧ ಪಡೆದವರಲ್ಲಿ ಸಾವು ಎರಡು ಪಟ್ಟಿಗೂ ಮೀರಿತ್ತು. ಅಂದಿನಿಂದ ವೈದ್ಯರು ಪರದೆಯ ಗೆರೆಯ ಜೊತೆಗೆ ರೋಗಿಯನ್ನೂ ನೋಡಿ ನಿರ್ಧರಿಸುತ್ತಾರೆ. ಆದರೆ ಎರಡು ಮಾತು ವಿವರಿಸಿ ಹೇಳಿದ್ದರೆ ನಿಮ್ಮ ಭಾವನವರ ಸಿಟ್ಟು ಅಷ್ಟು ಏರುತ್ತಿರಲಿಲ್ಲ. ಆ ಕೊರತೆಯನ್ನು ನಾನು ಒಪ್ಪುತ್ತೇನೆ.

ಮೂರನೆಯದಾಗಿ, ಹೃದಯದ ಕೆಳಭಾಗಕ್ಕೆ ಆಘಾತವಾದವರಲ್ಲಿ ರಕ್ತ ಮರಳಿದಾಗ ಬಡಿತ ತೀರಾ ನಿಧಾನವಾಗಿ ಒತ್ತಡ ಕುಸಿಯಬಹುದು. ಕಾಲು ಎತ್ತರಿಸಿ, ಸಲೈನ್ ಮತ್ತು ಔಷಧ ಕೊಟ್ಟರೆ ಹೆಚ್ಚಿನವರು ಬೇಗ ಸುಧಾರಿಸುತ್ತಾರೆ.

ನಾಲ್ಕನೆಯದೇ ನಿಜವಾದ ಅಪಾಯ. ಹೃದಯದ ಕೆಳಕೋಣೆ ಬಡಿಯುವುದನ್ನು ಬಿಟ್ಟು ಬರೀ ನಡುಗತೊಡಗುತ್ತದೆ. ರಕ್ತ ಹೊರಗೆ ಹೋಗುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಿಮ್ಮ ಪತಿಯ ಕಣ್ಣು ಮೇಲಾದದ್ದು ಇದರಿಂದಲೇ ಇರಬೇಕು. ಇದಕ್ಕೆ ಮದ್ದು ವಿದ್ಯುತ್ ಆಘಾತ. ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ಕೊಡುವ ಒಂದು ಆಘಾತ ಆ ನಡುಕವನ್ನು ನಿಲ್ಲಿಸುತ್ತದೆ, ಹೃದಯ ತನ್ನ ತಾಳಕ್ಕೆ ಮರಳುತ್ತದೆ. ಎದೆ ಒತ್ತದೆ, ಆಘಾತ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದೇನು ಎಂದು ನೀವೇ ಲೆಕ್ಕ ಹಾಕಿ.

ಇಂಜೆಕ್ಷನ್ ತಪ್ಪೇ?

ಅಲ್ಲ. ಈ ಮಾರಕ ನಡುಕ ಹೃದಯಾಘಾತದ ಮೊದಲ ಗಂಟೆಗಳಲ್ಲಿ ಯಾವ ಚಿಕಿತ್ಸೆ ಪಡೆಯದವರಲ್ಲೂ ಬರುತ್ತದೆ. ಎದೆನೋವೆಂದು ಮನೆಯಲ್ಲೇ ಮಲಗಿದವರು ಹಠಾತ್ತನೆ ತೀರಿಕೊಂಡರು ಎಂದು ನಾವು ಕೇಳುತ್ತೇವಲ್ಲ, ಅವರಲ್ಲಿ ಬಹಳಷ್ಟು ಮಂದಿಯ ಸಾವು ಹೀಗೆಯೇ ಆಗಿರುತ್ತದೆ. ಅನೇಕ ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ 1993ರಲ್ಲಿ ಪರಿಶೀಲಿಸಿದಾಗ, ಗಡ್ಡೆ ಕರಗಿಸುವ ಔಷಧ ಪಡೆದವರಲ್ಲಿ ಆಸ್ಪತ್ರೆಯ ಅವಧಿಯಲ್ಲಿ ಈ ನಡುಕ ಒಟ್ಟಾರೆ ಹೆಚ್ಚಾಗಿರಲಿಲ್ಲ, ಬದಲಾಗಿ ಕಡಿಮೆಯೇ ಇತ್ತು.

ಇಂಜೆಕ್ಷನ್‌ಗೆ ತೊಂದರೆಗಳೇ ಇಲ್ಲವೆಂದಲ್ಲ. ಅದರ ನಿಜವಾದ ಅಪಾಯ ರಕ್ತಸ್ರಾವ. ಸುಮಾರು 100ರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಅದಕ್ಕೇ ವೈದ್ಯರು ಹಿಂದೆ ಲಕ್ವ ಹೊಡೆದಿತ್ತೇ, ಇತ್ತೀಚೆಗೆ ಆಪರೇಶನ್ ಆಗಿದೆಯೇ, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿತ್ತೇ, ಬಿ.ಪಿ. ಎಷ್ಟಿದೆ ಎಂದು ಕೇಳುತ್ತಾರೆ. ಏನನ್ನೂ ಮುಚ್ಚಿಡದೆ ಹೇಳಬೇಕು. ಅತ್ತೆಯವರಿಗೆ ಹೆದರಿಕೆಯಿದ್ದರೆ ಇದರ ಬಗ್ಗೆ ಈಗಲೇ ವೈದ್ಯರೊಡನೆ ಮಾತಾಡಲಿ. ತಾಳ ತಪ್ಪುತ್ತದೆಂದು ಹೆದರಿ ಔಷಧವನ್ನೇ ಬೇಡವೆನ್ನುವುದು ಸರಿಯಲ್ಲ.

ನಮ್ಮ ರಾಜ್ಯದಲ್ಲಿ ಈ ಚಿಕಿತ್ಸೆಯನ್ನು ಹಳ್ಳಿಯವರ ಹತ್ತಿರಕ್ಕೆ ತರುವ ಪ್ರಯತ್ನ ನಡೆದಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದುದು ನಿಮಗೆಲ್ಲ ಗೊತ್ತು. ಅವರ ಹೆಸರಿನಲ್ಲಿ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಬಂತು. ಸಣ್ಣ ಊರಿನ ಸರಕಾರಿ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರದ ತಜ್ಞರು ಕೂಡಲೇ ನೋಡಿ ಸಲಹೆ ಕೊಡುತ್ತಾರೆ. ಅಗತ್ಯವಿದ್ದರೆ ದುಬಾರಿಯಾದ ಟೆನೆಕ್ಟಿಪ್ಲೇಸ್ ಇಂಜೆಕ್ಷನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಆರೋಗ್ಯ ಸಚಿವರು 2025ರ ಜುಲೈನಲ್ಲಿ ಪ್ರಕಟಿಸಿದರು. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂಬುದನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಕೇಳಿ ತಿಳಿದುಕೊಳ್ಳಿ.

ವೈರ್ ತೆಗೆಯಬೇಡಿ

ನಿಮ್ಮ ಭಾವನವರನ್ನು ಯಾರೂ ದೂರಬೇಡಿ. ತಮ್ಮನ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಮಾಡಿದರು. ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂಬ ಅವರ ಆಲೋಚನೆಯೂ ತಪ್ಪಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ರೋಗಿಯನ್ನು ಆಂಜಿಯೋಗ್ರಾಮ್ ಸೌಲಭ್ಯವಿರುವಲ್ಲಿಗೆ ಕಳಿಸುವುದೇ ಕ್ರಮ. ಔಷಧ ಕೆಲಸ ಮಾಡಿದ್ದರೂ ಸಾಮಾನ್ಯವಾಗಿ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಮಾಡುತ್ತಾರೆ. ತಪ್ಪಿದ್ದು ವಾಹನದ ಆಯ್ಕೆ. ಮಾನಿಟರ್, ಡಿಫಿಬ್ರಿಲೇಟರ್, ಅದನ್ನು ಬಳಸಬಲ್ಲ ಸಿಬ್ಬಂದಿ ಇರುವ ಆಂಬುಲೆನ್ಸ್ ಬೇಕು. ಆ ದಿನ ನಿಮ್ಮ ಪತಿ ಸ್ವಂತ ಗಾಡಿಯ ಹಿಂದಿನ ಸೀಟಿನಲ್ಲಿದ್ದಿದ್ದರೆ, ಕಣ್ಣು ಮೇಲಾದಾಗ ದಾರಿಯಲ್ಲಿ ಯಾರೇನು ಮಾಡುವಂತಿತ್ತು? ಬಾಗಿಲಿಗೆ ಅಡ್ಡ ನಿಂತ ಆ ಸಿಸ್ಟರ್‌ಗಾಗಿ ನೀವು ದುಆ ಮಾಡಬೇಕು.

ಹೃದಯಾಘಾತದವರನ್ನು ವಾರಗಟ್ಟಲೆ ಮಂಚಕ್ಕೆ ಅಂಟಿಸಿ ಮಲಗಿಸುತ್ತಿದ್ದ ಕಾಲವೊಂದಿತ್ತು. ಆಗ ಆಸ್ಪತ್ರೆ ಸೇರಿದ ಪ್ರತಿ ಮೂವರಲ್ಲಿ ಒಬ್ಬರು ಬದುಕುತ್ತಿರಲಿಲ್ಲ. 1960ರ ದಶಕದಲ್ಲಿ ಹೃದಯದ ರೋಗಿಗಳನ್ನು ಒಂದೇ ಕೋಣೆಯಲ್ಲಿಟ್ಟು, ಹಗಲಿರುಳು ಬಡಿತ ನೋಡಿ, ತಾಳ ತಪ್ಪಿದ ತಕ್ಷಣ ಆಘಾತ ಕೊಡುವ ವ್ಯವಸ್ಥೆ ಬಂತು. ಅದೊಂದರಿಂದಲೇ ಸಾವು ಸುಮಾರು ಅರ್ಧಕ್ಕಿಳಿಯಿತು. ಇಂದಿನ ಐ.ಸಿ.ಸಿ.ಯು. ಹುಟ್ಟಿದ್ದು ಹೀಗೆ. ನಮಗೆ ಕಿರಿಕಿರಿ ಎನಿಸುವ ಆ ವೈರುಗಳು, ಆ ಕೂಗು, ನರ್ಸ್‌ಗಳ ಗದರಿಕೆ ಎಲ್ಲವೂ ಅದಕ್ಕಾಗಿಯೇ.

ಅಪಾಯ ಹೆಚ್ಚಿರುವುದು ಮೊದಲ ಒಂದೆರಡು ದಿನ. ‘ನೋವು ಹೋಯಿತಲ್ಲ, ಮನೆಗೆ ಹೋಗೋಣ’ ಎಂದು ಸಹಿ ಹಾಕಿ ಕರೆತರುವವರಿದ್ದಾರೆ. ನೋವು ಹೋಗುವುದೆಂದರೆ ರಕ್ತ ಮರಳಿರಬಹುದು ಎಂದರ್ಥ. ತಾಳ ತಪ್ಪುವ ಹೊತ್ತೂ ಅದೇ. ಕನಿಷ್ಠ 24 ಗಂಟೆ ಮಾನಿಟರ್ ತೆಗೆಯಲು ಬಿಡಬೇಡಿ. ಮುಂದಿನದನ್ನು ವೈದ್ಯರು ಹೇಳುತ್ತಾರೆ. ಮೊದಲ 48 ಗಂಟೆಯೊಳಗೆ ಬಂದು ಸರಿಹೋದ ನಡುಕಕ್ಕೆ ಸಾಮಾನ್ಯವಾಗಿ ಶಾಶ್ವತ ಯಂತ್ರ ಬೇಕಾಗುವುದಿಲ್ಲ. ಆದ್ದರಿಂದ ನಿಮ್ಮ ಪತಿಗೆ ಅಂದು ಕರೆಂಟ್ ಕೊಟ್ಟರೆಂಬ ಕಾರಣಕ್ಕೆ ಅವರ ಹೃದಯ ಶಾಶ್ವತವಾಗಿ ಕೆಟ್ಟಿತೆಂದು ತಿಳಿಯಬೇಡಿ. ಹೃದಯದ ಶಕ್ತಿ ಎಷ್ಟಿದೆ ಎಂಬುದನ್ನು ಎಕೋ ಪರೀಕ್ಷೆ ಹೇಳುತ್ತದೆ. ವೈದ್ಯರು ಹೇಳಿದ ದಿನ ತಪ್ಪದೆ ಮಾಡಿಸಿ. ಇನ್ನು ಮುಂದೆ ಎದೆ ಡವಡವ ಎಂದು ಓಡಿದರೆ, ತಲೆ ತಿರುಗಿ ಬಿದ್ದರೆ ಕಾಯಬೇಡಿ.

ಮನೆಯ ಹೆಣ್ಣುಮಕ್ಕಳಿಗೆ

ನಿಮ್ಮ ಜೀರಿಗೆ ನೀರಿನ ಮುಕ್ಕಾಲು ಗಂಟೆಯ ಬಗ್ಗೆ ಒಂದು ಮಾತು. ನಿಮ್ಮನ್ನು ಅಪರಾಧಿಯಾಗಿಸಲು ಇದನ್ನು ಬರೆಯುತ್ತಿಲ್ಲ. ನಮ್ಮಲ್ಲಿ ಬಹುತೇಕ ಎಲ್ಲ ಮನೆಗಳಲ್ಲೂ ಹೀಗೇ ಆಗುತ್ತದೆ. ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಇಳಿದರೆ ಅದನ್ನು ಗ್ಯಾಸ್ ಎಂದು ನಾವೇ ತೀರ್ಮಾನಿಸುವುದು ಬೇಡ. ಇಸಿಜಿ ತೆಗೆದವರು ಹೇಳಲಿ. 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿಯಾಗಲಿ ರಕ್ತಸ್ರಾವದ ಕಾಯಿಲೆಯಾಗಲಿ ಇಲ್ಲದವರಿಗೆ 300 ಮಿ.ಗ್ರಾಂ. ಆಸ್ಪಿರಿನ್ ಮಾತ್ರೆ ಅಗಿಯಲು ಕೊಡಬಹುದೇ ಎಂದು ಫೋನಿನಲ್ಲೇ ಕೇಳಿ. ಈ ಅಗ್ಗದ ಮಾತ್ರೆಯೊಂದೇ ಹೃದಯಾಘಾತದ ಸಾವನ್ನು ಶೇ. 23ರಷ್ಟು ತಗ್ಗಿಸಿದ್ದನ್ನು 17 ಸಾವಿರ ರೋಗಿಗಳ ಅಧ್ಯಯನವೊಂದು 1988ರಲ್ಲಿ ತೋರಿಸಿತು. ರೋಗಿ ಕುಸಿದು ಬಿದ್ದು ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಿರಿ. ಸಹಾಯ ಬರುವ ತನಕ ನಿಲ್ಲಿಸಬೇಡಿ.

ಅತ್ತೆಯವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಎದೆನೋವೇ ಬಾರದಿರಬಹುದು. ಉಬ್ಬಸ, ವಾಂತಿ, ಬೆನ್ನುನೋವು, ಕಾರಣವಿಲ್ಲದ ಸುಸ್ತು, ತಣ್ಣನೆಯ ಬೆವರು ಇಷ್ಟೇ ಇರಬಹುದು. ಗಂಡಸರ ನೋವಿಗೆ ಗಾಡಿ ತರುವ ನಾವು ಹೆಂಗಸರ ಸುಸ್ತಿಗೆ ‘ಸ್ವಲ್ಪ ಮಲಗಿ’ ಎನ್ನುತ್ತೇವೆ. ಅವರೂ ಅಡುಗೆ ಮುಗಿಯಲಿ, ಝುಹರ್ ಆಗಲಿ ಎಂದು ಮುಂದೂಡುತ್ತಾರೆ.

ನದಿ ದಂಡೆಯವರಿಗೆ ಇನ್ನೊಂದು ಸೂಚನೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಅಥಣಿ ತಾಲೂಕಿನ ಕೃಷ್ಣಾ ತೀರದ ಹಳ್ಳಿಗಳ ರಸ್ತೆಗಳು ಮುಳುಗಿದ್ದನ್ನು ನೀವು ಕಂಡಿದ್ದೀರಿ. ಹೃದಯದ ರೋಗಿಯಿರುವ ಮನೆಯವರು ಮಳೆಗಾಲಕ್ಕೆ ಮುಂಚೆಯೇ ಬೇರೆ ದಾರಿ ಯಾವುದು, ಎರಡು ವಾರದ ಮಾತ್ರೆ ಮನೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಗಡಿಯಾಚೆಯ ಆಸ್ಪತ್ರೆಗೆ ಹೋಗುವವರು ತಮ್ಮ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಲಿ.

ಉಪವಾಸದ ಪ್ರಶ್ನೆ

ಹೃದಯಾಘಾತವಾದ ಮೊದಲ ವಾರಗಳಲ್ಲಿ ಉಪವಾಸ ಬೇಡ. ನೀರು ಕಡಿಮೆಯಾದರೆ ಪೊಟ್ಯಾಶಿಯಂ ಮುಂತಾದ ಲವಣಗಳು ಏರುಪೇರಾಗುತ್ತವೆ. ತಾಳ ತಪ್ಪಲು ಅದೂ ಒಂದು ಕಾರಣ. ತಿಂಗಳುಗಳು ಕಳೆದು ಹೃದಯದ ಶಕ್ತಿ ಚೆನ್ನಾಗಿದ್ದರೆ ವೈದ್ಯರು ಅನುಮತಿಸಬಹುದು. ಆಗಲೂ ಮಾತ್ರೆಗಳನ್ನು ಸಹರಿ ಮತ್ತು ಇಫ್ತಾರ್‌ಗೆ ಹೇಗೆ ಹೊಂದಿಸಬೇಕೆಂದು ಅವರನ್ನೇ ಕೇಳಿ. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಒಂದು ದಿನವೂ ಬಿಡುವಂತಿಲ್ಲ. ಬಿಟ್ಟರೆ ಸ್ಟೆಂಟ್ ಒಳಗೇ ಗಡ್ಡೆ ಕಟ್ಟಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಪವಿತ್ರ ಕುರ್‌ಆನ್ ಸೂರಃ ಅಲ್ ಬಕರಃದಲ್ಲೇ ನೀಡಿದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದರಲ್ಲಿ ನಾಚಿಕೆಯಿಲ್ಲ.

ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಭರವಸೆ ಅಲ್ಲಾಹನ ಮೇಲಿರಲಿ, ಒಂಟೆಯನ್ನೂ ಕಟ್ಟೋಣ. ಅತ್ತೆಯವರು ಮನೆಯವರಿಂದ ತೆಗೆದುಕೊಂಡ ಮಾತನ್ನು ಹಿಂತಿರುಗಿಸಲಿ ಎಂಬುದು ನನ್ನ ಕೋರಿಕೆ. ಅವರ ಮಗ ಇಂದು ಎದುರಿಗೆ ಕುಳಿತು ಊಟ ಮಾಡುತ್ತಿರುವುದು ಆ ಸೂಜಿ ನಾಳವನ್ನು ತೆರೆದದ್ದರಿಂದ, ಮತ್ತು ತಾಳ ತಪ್ಪಿದ ಹೊತ್ತಿನಲ್ಲಿ ಅವರು ಯಂತ್ರದ ಹತ್ತಿರ ಇದ್ದುದರಿಂದ. ಅಲ್ಲಾಹನು ನಿಮ್ಮ ಮನೆಯವರಿಗೆಲ್ಲ ಆರೋಗ್ಯ ಕರುಣಿಸಲಿ.